ಸನ್ನೆ ಹಾಕುವವರು

ತೇರು ಹರಿಯುವ ದಿನ ಮಿಣಿಗೆ ಕೈಹಚ್ಚುವವರಿಗೆ ಕೊರತೆಯಿಲ್ಲ. ಕಳಸದ ಕಡೆಗೆ ಬಾಳೆಹಣ್ಣು ಉತ್ತತ್ತಿಗಳನ್ನು ಬೀರುವವರಿಗಂತೂ ಲೆಕ್ಕವೇ ಇಲ್ಲ. ಆದರೆ ಆ ಜನಜಂಗುಳಿಯ ನಡುವೆ ಗಾಲಿಯ ಮಗ್ಗುಲಿಗೆ ಅಂಟಿಕೊಂಡಂತೆ ಬಾಗಿ ನಡೆಯುತ್ತ, ತೇರು ದಾರಿ ತಪ್ಪಿ ವಾಲಿದಾಗ ಗಾಲಿಗೆ ಮರದ ತುಂಡನ್ನು ಅಡ್ಡಕೊಟ್ಟು ತಿರುಗಿಸುವ, ಅದು ಹಟ ಹಿಡಿದು ನಿಂತುಬಿಟ್ಟಾಗ ಹಿಂದಿನಿಂದ ತೊಲೆ ತೂರಿಸಿ ಮೀಟುವ ನಾಲ್ಕೆಂಟು ಮಂದಿಯ ಕಡೆಗೆ ಭಕ್ತರ ಕಣ್ಣು ಹೊರಳುವುದು ಅಪರೂಪ. ಬಳ್ಳಾರಿ ಸೀಮೆಯ ಕೊಟ್ಟೂರಿನ ತೇರನ್ನಾಗಲಿ ಮೈಸೂರು ಸೀಮೆಯ ನಂಜನಗೂಡಿನ ತೇರನ್ನಾಗಲಿ ನೋಡಹೋದವರು ಒಂದು ಸಲ ದೃಷ್ಟಿಯನ್ನು ಕಳಸದಿಂದ ಇಳಿಸಿ ಗಾಲಿಯ ಮೇಲಿಟ್ಟರೆ ಈ ಮಾತಿನ ನಿಜ ತಿಳಿಯುತ್ತದೆ. ಇವರು ಸನ್ನೆ ಹಾಕುವವರು. ಸನ್ನೆ ಎಂದರೆ ಮೀಟುಗೋಲು. ಸನ್ನೆ ಎಂದರೆ ಬಾಯಿಬಿಡದೆ ಕೈಯಿಂದಲೋ ಕಣ್ಣಿಂದಲೋ ತಿಳಿಸುವ ಸಂಜ್ಞೆಯೂ ಹೌದು. ಈ ಎರಡು ಶಬ್ದಗಳ ಹುಟ್ಟು ಬೇರೆಬೇರೆಯೆಂದು ನಿಘಂಟುಕಾರರು ಹೇಳಿಯಾರು. ಅವರ ಪಾಂಡಿತ್ಯಕ್ಕೆ ಕೈಮುಗಿದು ನಾನು ಇವೆರಡನ್ನೂ ಒಟ್ಟಿಗೇ ಇಟ್ಟುಕೊಳ್ಳುತ್ತೇನೆ. ಏಕೆಂದರೆ ವಿಮಾನ ನಿಲ್ದಾಣದ ನೆಲದ ಮೇಲೆ ನಡೆಯುವ ಕೆಲಸದ ಚರಿತ್ರೆಯನ್ನು ಹೇಳಹೊರಟವನಿಗೆ ಇದಕ್ಕಿಂತ ಒದಗುವ ಪದ ನಮ್ಮ ಭಾಷೆಯಲ್ಲಿ ದೊರೆಯಲಾರದು: ಅಲ್ಲಿ ಗಾಲಿಗೆ ಅಡ್ಡ ಕೊಡುವವನೂ ಇದ್ದಾನೆ, ಕೈಬೀಸಿ ದಾರಿ ತೋರುವವನೂ ಇದ್ದಾನೆ, ಮತ್ತು ಬಹುಕಾಲ ಇಬ್ಬರೂ ಒಬ್ಬನೇ ಆಗಿದ್ದನು.

ವ್ಯೋಮಯಾನದ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಆಕಾಶವನ್ನು ನೋಡುತ್ತಲೇ ಬರೆದಿದ್ದಾರೆ. ಯಾರು ಮೊದಲು ಹಾರಿದರು, ಯಾರು ಹೆಚ್ಚು ದೂರ ಹೋದರು, ಯಾವ ಯಂತ್ರ ಯಾವ ಯಂತ್ರವನ್ನು ಹಿಂದೆಹಾಕಿತು ಎಂಬ ವೃತ್ತಾಂತಗಳು ಬೇಕಾದಷ್ಟಿವೆ. ಆ ಯಂತ್ರದ ಹೊಟ್ಟೆಗೆ ಎಣ್ಣೆ ಹೊಯ್ದವರು, ಅದರ ರೆಕ್ಕೆಯನ್ನು ಬಿರುಗಾಳಿಯ ರಾತ್ರಿ ಗೂಟಕ್ಕೆ ಕಟ್ಟಿದವರು, ಅದು ಇಳಿಯುವ ಹೊತ್ತಿಗೆ ಬಯಲಿನಿಂದ ದನಗಳನ್ನು ಅಟ್ಟಿದವರು ಆ ಪುಟಗಳಲ್ಲಿ ಕಾಣಸಿಗುವುದಿಲ್ಲ. ಆದರೂ ನಮ್ಮ ದೇಶದ ವಿಮಾನ ಟಪ್ಪಾಲಿನ ಆದಿಕಥೆಯಲ್ಲಿ ಮಾತ್ರ, ಬರೆದವರ ಕಣ್ಣು ತಪ್ಪಿಸಿ ಒಳಸೇರಿದಂತೆ, ಒಂದು ಎತ್ತಿನ ಗಾಡಿ ಉಳಿದುಕೊಂಡಿದೆ. ೧೯೩೨ನೆಯ ಇಸವಿ ಅಕ್ಟೋಬರ್ ೧೫ರಂದು ಜೆ. ಆರ್. ಡಿ. ಟಾಟಾ ಅವರು, ಇಂಪೀರಿಯಲ್ ಏರ್‌ವೇಸ್ ವಿಲಾಯಿತಿಯಿಂದ ಕರಾಚಿಗೆ ತಂದಿಳಿಸಿದ್ದ ಟಪ್ಪಾಲನ್ನು ಪುಸ್ ಮಾತ್ ಎಂಬ ಒಂಟಿ ಎಂಜಿನಿನ ಪುಟ್ಟ ವಿಮಾನಕ್ಕೆ ಹೇರಿಕೊಂಡು ಬೆಳಗ್ಗೆ ಹೊರಟು, ಅಹಮದಾಬಾದಿನಲ್ಲಿ ಇಳಿದು ಎಣ್ಣೆ ತುಂಬಿಸಿಕೊಂಡು, ಎರಡು ಗಂಟೆಗೆ ಮುಂಚೆಯೇ ಮುಂಬಯಿಯ ಜುಹುವನ್ನು ಮುಟ್ಟಿದರು. ಅಹಮದಾಬಾದಿನ ಆ ಎಣ್ಣೆ ಬರ್ಮಾ ಷೆಲ್ ಕಂಪೆನಿಯದು. ಅದು ಡಬ್ಬಗಳಲ್ಲಿ ತುಂಬಿಕೊಂಡು ಬಂದದ್ದು ಎತ್ತಿನ ಗಾಡಿಯಲ್ಲಿ. ಗಂಟೆಗೆ ನೂರು ಮೈಲಿಯ ವೇಗದ ವಾಹನವು ಗಂಟೆಗೆ ಎರಡು ಮೈಲಿ ನಡೆಯುವ ವಾಹನಕ್ಕಾಗಿ ಕಾಯುವುದರಲ್ಲಿ ಹಾಸ್ಯವನ್ನು ಕಂಡವರು ಹಲವರು. ನನಗೆ ಕಾಣುವುದು ಹಾಸ್ಯವಲ್ಲ, ಒಂದು ಕ್ರಮ: ವಿಮಾನದ ವೇಗ ಏನೇ ಇರಲಿ, ಅದು ಮತ್ತೆ ಏಳುವ ಹೊತ್ತನ್ನು ಗೊತ್ತುಮಾಡುವುದು ನೆಲದ ಮೇಲಿನ ಗಾಡಿಯೇ ಎಂಬ ಕ್ರಮವು ಅಂದೇ ಸ್ಥಾಪಿತವಾಯಿತು, ಇಂದಿಗೂ ಅದು ಮುರಿದಿಲ್ಲ.

ಜುಹುವಿನಿಂದ ಮುಂದಕ್ಕೆ ಟಪ್ಪಾಲನ್ನು ಒಯ್ದವರು ನೆವಿಲ್ ವಿನ್ಸೆಂಟ್; ಈ ಸೇವೆಯ ಕಲ್ಪನೆಯನ್ನು ಟಾಟಾ ಅವರ ಮುಂದೆ ಮೊದಲು ಇಟ್ಟವರೂ ಅವರೇ. ಅವರು ಹಿಡಿದದ್ದು ಬಳ್ಳಾರಿಯ ಮಾರ್ಗ, ಸೇರಿದ್ದು ಮದ್ರಾಸು. ಬಳ್ಳಾರಿ ಆಗ ಮದ್ರಾಸು ಆಧಿಪತ್ಯದ ಜಿಲ್ಲೆ. ಆದರೆ ಬಯಲಿನಲ್ಲಿ ನಿಂತು ಬಾಯಿ ತೆರೆದು ನೋಡಿದವರ ಆಡುಮಾತನ್ನು ಯಾವ ಆಧಿಪತ್ಯವೂ ಬದಲಿಸುವುದಿಲ್ಲವಷ್ಟೆ. ಹೀಗಾಗಿ ಕನ್ನಡದ ನೆಲಕ್ಕೆ ನಿಯತವಾದ ವಿಮಾನ ಟಪ್ಪಾಲಿನ ಸಂಬಂಧ ಮೊದಲು ಒದಗಿದ್ದು ಬೆಂಗಳೂರಿನ ತಣ್ಣನೆಯ ದಿಣ್ಣೆಯಲ್ಲಲ್ಲ, ಬಳ್ಳಾರಿಯ ಕಾದ ಎರೆಭೂಮಿಯಲ್ಲಿ, ದೂರದಿಂದಲೇ ಗುರುತು ಹಿಡಿಯಬಹುದಾದ ಆ ಬೋಳು ಕಲ್ಲುಬೆಟ್ಟದ ಆಸುಪಾಸಿನಲ್ಲಿ.

ಆ ಕಾಲದ ವಿಮಾನದ ಇಳಿದಾಣವೆಂದರೆ ಏನು? ಸಮತಟ್ಟಾದ ಒಂದು ಬಯಲು, ಗಾಳಿಯ ದಿಕ್ಕನ್ನು ತೋರಿಸಲು ಗಳುವಿನ ತುದಿಗೆ ಕಟ್ಟಿದ ಬಟ್ಟೆಯ ಚೀಲ, ಮೇಲಿನಿಂದ ಕಾಣುವಂತೆ ಸುಣ್ಣದಲ್ಲಿ ಬಳಿದ ಒಂದು ಗುರುತು. ರೇಡಿಯೋ ಇಲ್ಲ; ದಾರಿ ತೋರುವ ದೀಪವಿಲ್ಲ. ಟಾಟಾ ಅವರ ಇಡೀ ಸಂಸ್ಥೆಯೇ ಎರಡು ವಿಮಾನ, ಪೂರ್ಣಾವಧಿಯ ಒಬ್ಬ ಚಾಲಕ, ಅರ್ಧಾವಧಿಯ ಒಬ್ಬ ಎಂಜಿನಿಯರ್ ಮತ್ತು ಕೆಲಸ ಕಲಿಯುತ್ತಿದ್ದ ಇಬ್ಬರು ಮೆಕ್ಯಾನಿಕ್ಕರನ್ನು ಒಳಗೊಂಡಿದ್ದಿತು. ಜುಹುವಿನ ಅವರ ಕಚೇರಿ ಗರಿ ಹೊದೆಸಿದ ಒಂದು ಚಪ್ಪರ. ಮಳೆಗಾಲ ಬಂದರೆ ಆ ಬಯಲು ನೀರಿನೊಳಗೆ ಹೋಗುತ್ತಿದ್ದುದರಿಂದ ವಿಮಾನ ಸಹಿತ ಸಂಸಾರವನ್ನೆಲ್ಲ ಪುಣೆಗೆ ಸಾಗಿಸಿ, ಮಳೆ ನಿಂತ ಮೇಲೆ ಮರಳಿ ತರುತ್ತಿದ್ದರು. ನಮ್ಮ ಕುರಿಗಾಹಿಗಳು ಮಲೆನಾಡಿನ ಮಳೆಗೆ ಹಿಂದೆಗೆದು ಬಯಲುಸೀಮೆಗೆ ಬರುವುದಿಲ್ಲವೆ, ಹಾಗೆ.

ಅಂಥ ಬಯಲಿನಲ್ಲಿ ನಿಂತವನ ಕೆಲಸ ಎಷ್ಟು ಬಗೆಯದಾಗಿತ್ತೆಂಬುದನ್ನು ಪುಸ್ ಮಾತಿನ ಸ್ವಭಾವವೇ ಹೇಳುತ್ತದೆ. ಅದಕ್ಕೆ ತನ್ನಿಂದ ತಾನೇ ಎಚ್ಚರಗೊಳ್ಳುವ ಶಕ್ತಿಯಿರಲಿಲ್ಲ. ಚಾಲಕನು ಒಳಗೆ ಕುಳಿತು ಸ್ವಿಚ್ಚನ್ನು ಆರಿಸಿದೆನೆಂದು ಕೂಗಬೇಕು, ಹೊರಗಿನವನು ಆ ಮಾತನ್ನು ಮರುನುಡಿದು ಪಂಖವನ್ನು ಕೈಯಿಂದ ನಾಲ್ಕಾರು ಸುತ್ತು ತಿರುಗಿಸಿ ಎಣ್ಣೆಯನ್ನು ಒಳಕ್ಕೆ ಎಳೆಸಬೇಕು, ಆಮೇಲೆ 'ಕಾಂಟ್ಯಾಕ್ಟ್' ಎಂಬ ಕೂಗು ಈ ಕಡೆಯಿಂದ ಆ ಕಡೆಗೂ ಆ ಕಡೆಯಿಂದ ಈ ಕಡೆಗೂ ಹೋಗಿಬಂದ ತರುವಾಯ, ಅಂಗೈಯನ್ನು ಚಪ್ಪಟೆಯಾಗಿರಿಸಿ ಬೆರಳನ್ನು ಪಂಖದ ಅಂಚಿಗೆ ಸುತ್ತಿಕೊಳ್ಳದಂತೆ ಎಚ್ಚರವಹಿಸಿ, ಒಂದು ಕಾಲನ್ನು ಹಿಂದಕ್ಕೆ ಹಾಕುತ್ತ ಜಗ್ಗಬೇಕು. ಎಂಜಿನ್ ಗುಡುಗಿದ ಕ್ಷಣದಲ್ಲಿ ಮೈಯ ಭಾರವೆಲ್ಲ ಆ ಹಿಂದಿನ ಕಾಲಿನ ಮೇಲಿರಬೇಕು, ಇಲ್ಲವಾದರೆ ಆ ಮನುಷ್ಯ ಮುಂದಕ್ಕೆ, ಅಂದರೆ ಕಣ್ಣಿಗೆ ಕಾಣದ ಕತ್ತಿಯೊಳಕ್ಕೆ, ಬೀಳುತ್ತಾನೆ. ಅದಾದ ಮೇಲೆ ರೆಕ್ಕೆಯ ಹೊರಗಿನಿಂದ ಸುತ್ತಿಬಂದು, ಗಾಲಿಗಳ ಮುಂದಿನ ಅಡ್ಡಗಟ್ಟೆಗಳನ್ನು ಅವುಗಳಿಗೆ ಕಟ್ಟಿದ ಹಗ್ಗದಿಂದ ಸೆಳೆದು ತೆಗೆದು, ಚಾಲಕನಿಗೆ ಕೈಯೆತ್ತಬೇಕು. ಅಡ್ಡಗಟ್ಟೆಗೆ ಆ ಜನ ಚಾಕ್ ಎಂದರು, ಈಗಲೂ ಎನ್ನುತ್ತಾರೆ; ಏರಿನಲ್ಲಿ ಗಾಡಿ ನಿಲ್ಲಿಸಿದಾಗ ಗಾಲಿಗೆ ಕಲ್ಲು ಕೊಟ್ಟು ಅಭ್ಯಾಸವಿದ್ದ ಯಾವ ಹಳ್ಳಿಯ ಹುಡುಗನಿಗೂ ಅದನ್ನು ಎರಡನೆಯ ಸಲ ವಿವರಿಸಬೇಕಾಗಿರಲಿಲ್ಲ.

ಎಣ್ಣೆ ಹೊಯ್ಯುವುದು ಇನ್ನೊಂದು ವಿದ್ಯೆ. ಪೆಟ್ರೋಲಿನೊಳಗೆ ಒಂದು ಗುಟುಕು ನೀರು ಸೇರಿದ್ದರೂ ಅದು ಆಕಾಶದಲ್ಲಿ ಎಂಜಿನ್ನಿನ ಗಂಟಲಿಗೆ ಸಿಕ್ಕಿ ಪ್ರಾಣಕ್ಕೆ ಬರುತ್ತದೆಯಾದುದರಿಂದ, ರೆಕ್ಕೆಯ ಬಾಯಿಗೆ ಆಲಿಕೆಯಿಟ್ಟು, ಆಲಿಕೆಯೊಳಗೆ ಹದಮಾಡಿದ ಮೃದುಚರ್ಮವನ್ನು ಹಾಸಿ, ಅದರ ಮೂಲಕ ಸೋಸಿ ಹೊಯ್ಯಬೇಕಾಗಿತ್ತು. ಚರ್ಮವು ಎಣ್ಣೆಯನ್ನು ಬಿಟ್ಟುಕೊಡುತ್ತದೆ, ನೀರನ್ನು ತಡೆಯುತ್ತದೆ. ಕ್ಷೀರನೀರ ವಿವೇಕವನ್ನು ಹಂಸಕ್ಕೆ ಕೊಟ್ಟ ನಮ್ಮ ಕವಿಗಳು ಈ ತೊಗಲಿನ ತುಂಡನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ! ಇಂದಿನ ಜೆಟ್ಟುಗಳ ಕಾಲದಲ್ಲಿ ಈ ಕೆಲಸಕ್ಕೆ ಬೇರೊಂದು ಉಪಾಯವಿದೆ: ಸೀಮೆಎಣ್ಣೆಯ ಜಾತಿಯ ಇಂಧನವನ್ನು ಸ್ವಲ್ಪ ಹಿಡಿದು ಹಳದಿಯ ಒಂದು ಕಾಗದದ ಬಿಲ್ಲೆಯ ಮೂಲಕ ಹಾಯಿಸುತ್ತಾರೆ, ನೀರಿದ್ದರೆ ಹಳದಿ ಹಸಿರಿಗೆ ತಿರುಗುತ್ತದೆ. ಉಪಾಯ ಬದಲಾಯಿತು, ಎತ್ತಿ ಬೆಳಕಿಗೆ ಹಿಡಿದು ನೋಡುವ ಕಣ್ಣು ಬದಲಾಗಲಿಲ್ಲ.

ಬೆಂಗಳೂರಿಗೆ ಈ ವೃತ್ತಿ ಬಂದದ್ದು ಟಪ್ಪಾಲಿನ ದಾರಿಯಿಂದಲ್ಲ, ಕಾರ್ಖಾನೆಯ ದಾರಿಯಿಂದ. ೧೯೪೦ನೆಯ ಇಸವಿಯ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪೆನಿಯನ್ನು ಸ್ಥಾಪಿಸಿದರು. ಮಹಾಯುದ್ಧವು ಪೂರ್ವದ ಬಾಗಿಲಿಗೆ ಬಂದಾಗ ಭಾರತ ಸರ್ಕಾರ ಅದನ್ನು ಕೈಗೆ ತೆಗೆದುಕೊಂಡಿತು. ೧೯೪೩ರಲ್ಲಿ ಕಾರ್ಖಾನೆ ಅಮೆರಿಕದ ಸೇನಾ ವಾಯುಪಡೆಯ ವಶಕ್ಕೆ ಹೋಗಿ, ಯುದ್ಧದ ಕೊನೆಯವರೆಗೆ ಅವರ ೮೪ನೆಯ ವಾಯು ಡಿಪೋ ಆಗಿ, ವಿಮಾನಗಳ ದೊಡ್ಡ ಆಸ್ಪತ್ರೆಯಾಗಿ ನಡೆಯಿತು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳು ದುರಸ್ತಿಗೆಂದು ಬಂದು ಬೆಳ್ಳಂದೂರು ಕೆರೆಯಲ್ಲಿ ಇಳಿದದ್ದು ಈ ಕಾಲದಲ್ಲಿಯೇ. ಇಂದು ನೊರೆಯಿಂದ ಕುಖ್ಯಾತವಾದ ಆ ಕೆರೆಯ ಏರಿಯ ಮೇಲೆ ನಿಂತು, ದೋಣಿಯ ಹೊಟ್ಟೆ, ಹಕ್ಕಿಯ ರೆಕ್ಕೆ ಎರಡೂ ಇರುವ ಆ ವಿಚಿತ್ರ ಪ್ರಾಣಿಯನ್ನು ನೀರಿನಿಂದ ದಡಕ್ಕೆ ಎಳೆಯುತ್ತಿದ್ದ ಜನರನ್ನು ಕಲ್ಪಿಸಿಕೊಳ್ಳಲು ಯತ್ನಿಸಿದ್ದೇನೆ. ಮಿಣಿ, ಗಾಲಿ, ತಳ್ಳುವವರು, ತಡೆಯುವವರು ಎಲ್ಲರೂ ಕಣ್ಣಿಗೆ ಕಟ್ಟಿದರು, ಕಳಸವೊಂದು ಮಾತ್ರ ಇರಲಿಲ್ಲ.

ಯುದ್ಧ ಮುಗಿದೊಡನೆ ದೇಶದ ತುಂಬ ಡಕೋಟಾಗಳು ಉಳಿದುವು. ಸೈನ್ಯದ ಸಾಮಾನು ಹೊರುತ್ತಿದ್ದ ಆ ವಿಮಾನಗಳನ್ನು ಅಗ್ಗಕ್ಕೆ ಕೊಂಡು ಪ್ರಯಾಣಿಕರ ಸೇವೆಗೆ ಇಳಿದ ಕಂಪೆನಿಗಳು ಹಲವು. ಅವುಗಳನ್ನು ಬಿಚ್ಚಿ, ತೊಳೆದು, ಪೀಠ ಕೂರಿಸಿ, ನಾಗರಿಕ ವೇಷ ತೊಡಿಸಿದ ಕೆಲಸದ ಬಹುಭಾಗ ಬೆಂಗಳೂರಿನ ಕಾರ್ಖಾನೆಯಲ್ಲಿ ನಡೆಯಿತು. ೧೯೪೬ರಲ್ಲಿ ನಿಜಾಮ್ ಸರ್ಕಾರ ಮತ್ತು ಟಾಟಾ ಅವರ ಪಾಲುಗಾರಿಕೆಯ ಡೆಕ್ಕನ್ ಏರ್‌ವೇಸಿನ ಡಕೋಟಾಗಳು ಹೈದರಾಬಾದಿನಿಂದ ಬೆಂಗಳೂರಿಗೆ ಬರತೊಡಗಿದುವು. ಬಾಲದ ಕೆಳಗೆ ಸಣ್ಣ ಗಾಲಿಯಿದ್ದು ಮೂತಿಯನ್ನು ಮೇಲಕ್ಕೆತ್ತಿ ನಿಲ್ಲುವ ಡಕೋಟಾದ ಒಳಗೆ ನಡೆಯುವುದೆಂದರೆ ಒಂದು ದಿಣ್ಣೆಯನ್ನು ಹತ್ತಿದಂತೆ. ಪ್ರಯಾಣಿಕರಿಗೆ ಅದು ಒಂದು ನಿಮಿಷದ ವಿನೋದ, ಮೂಟೆ ಹೊರುವವನಿಗೆ ಅದು ಪ್ರತಿ ಮೂಟೆಗೂ ಒಂದು ದಿಣ್ಣೆ.

ಡಕೋಟಾವನ್ನು ಬೆಳಗ್ಗೆ ಎಬ್ಬಿಸುವ ವಿಧಿಯನ್ನು ಹಳಬರು ವರ್ಣಿಸುವಾಗ ಅದು ದೇವರನ್ನು ಎಬ್ಬಿಸುವ ಸುಪ್ರಭಾತದ ವಿಧಿಯಂತೆಯೇ ಕೇಳಿಸುತ್ತಿತ್ತು. ರಾತ್ರಿಯ ಗಾಳಿಗೆ ಅಲುಗಾಡದಂತೆ ಬಾಲಕ್ಕೂ ರೆಕ್ಕೆಯ ಅಂಚಿಗೂ ಸಿಕ್ಕಿಸಿದ್ದ, ಕೆಂಪು ಬಟ್ಟೆ ತೂಗುವ ಹಿಡಿಗಳನ್ನು ಮೊದಲು ಎಣಿಸಿ ತೆಗೆಯಬೇಕು. ಒಂದನ್ನು ಮರೆತರೆ ಆ ವಿಮಾನ ಏಳುತ್ತದೆ, ಆದರೆ ಚಾಲಕನ ಮಾತು ಕೇಳುವುದಿಲ್ಲ. ಆಮೇಲೆ ಪಂಖಗಳನ್ನು ಕೈಯಿಂದ ತಿರುಗಿಸಬೇಕು: ಚಕ್ರಾಕಾರವಾಗಿ ಜೋಡಿಸಿದ ಹದಿನಾಲ್ಕು ಸಿಲಿಂಡರುಗಳಲ್ಲಿ ಕೆಳಗಿನವುಗಳಿಗೆ ರಾತ್ರಿಯೆಲ್ಲ ಎಣ್ಣೆ ಬಸಿದು ನಿಂತಿರುತ್ತದೆ, ಅದನ್ನು ಹೊರಹಾಕದೆ ಎಂಜಿನ್ ಹೊತ್ತಿಸಿದರೆ ಉಕ್ಕು ಮುರಿಯುತ್ತದೆ. ಇಬ್ಬರು ಸರದಿಯ ಮೇಲೆ ಒಂದೊಂದು ಅಲಗಿಗೂ ಹೆಗಲು ಕೊಡುತ್ತ, ಕೈಗೆ ಹತ್ತುವ ಬಿಗಿಯಿಂದಲೇ ಒಳಗಿನ ಎಣ್ಣೆಯ ಸ್ಥಿತಿಯನ್ನು ತಿಳಿಯುತ್ತಿದ್ದರು. ಎಂಜಿನ್ ಕೆಮ್ಮಿ ಹೊಗೆಯುಗುಳಿ ಹಿಡಿದುಕೊಳ್ಳುವ ತನಕ ಒಬ್ಬನು ಬೆಂಕಿಯಾರಿಸುವ ಸಿಲಿಂಡರನ್ನು ಮಗ್ಗುಲಲ್ಲಿಟ್ಟುಕೊಂಡು ನಿಂತಿರುತ್ತಿದ್ದನು. ಇದಿಷ್ಟೂ ಪ್ರಯಾಣಿಕರು ಕಾಫಿ ಕುಡಿದು ಮುಗಿಸುವುದರೊಳಗೆ.

ಆದರೆ ಈ ವೃತ್ತಿಯ ನಿಜವಾದ ವಿದ್ಯೆ ಇರುವುದು ತೂಕದಲ್ಲಿ. ಗಾಡಿಗೆ ಮೂಟೆ ಹೇರುವವನು ಹಿಂದೆ ಹೆಚ್ಚು ಹೇರಿದರೆ ಮೂಕಿ ಮೇಲೇಳುತ್ತದೆ, ಮುಂದೆ ಹೆಚ್ಚು ಹೇರಿದರೆ ಎತ್ತಿನ ಹೆಗಲು ಕುಸಿಯುತ್ತದೆ. ವಿಮಾನಕ್ಕೂ ಅದೇ ಧರ್ಮ, ಮೂಕಿ ಹಿಡಿದು ಸರಿಪಡಿಸಲು ಮಾತ್ರ ಆಕಾಶದಲ್ಲಿ ಯಾರೂ ಇರುವುದಿಲ್ಲ. ಆದ್ದರಿಂದ ಡಕೋಟಾದ ದಿನಗಳಲ್ಲಿ ಪೆಟ್ಟಿಗೆಯನ್ನಷ್ಟೇ ಅಲ್ಲ, ಪ್ರಯಾಣಿಕರನ್ನೂ ತಕ್ಕಡಿಯ ಮೇಲೆ ನಿಲ್ಲಿಸುತ್ತಿದ್ದರು. ತುಲಾಭಾರವೆಂದರೆ ದೇವಸ್ಥಾನದ ಬೆಲ್ಲ ಬಾಳೆಹಣ್ಣುಗಳನ್ನು ಮಾತ್ರ ನೆನೆಯುತ್ತಿದ್ದ ಗೃಹಸ್ಥರು, ಗುಮಾಸ್ತನು ತಮ್ಮ ತೂಕವನ್ನು ಗಟ್ಟಿಯಾಗಿ ಓದಿದಾಗ, ಪಂಚೆಯ ಅಂಚನ್ನು ಸರಿಪಡಿಸಿಕೊಳ್ಳುವ ನೆವದಲ್ಲಿ ಮುಖ ತಿರುಗಿಸುತ್ತಿದ್ದರಂತೆ. ಈ ತೂಕಗಳನ್ನೆಲ್ಲ ಕೂಡಿ, ಯಾರು ಎಲ್ಲಿ ಕೂರಬೇಕು, ಯಾವ ಚೀಲ ಮುಂದಿನ ಅರೆಗೆ, ಯಾವುದು ಹಿಂದಿನದಕ್ಕೆ, ಎಣ್ಣೆ ಎಷ್ಟು ಎಂದು ಗುಣಿಸಿ, ಭಾರದ ಕೇಂದ್ರವು ನಿಗದಿಯಾದ ಎಲ್ಲೆಯೊಳಗೆ ಬೀಳುವುದನ್ನು ಒಂದು ಹಾಳೆಯ ಮೇಲೆ ಗೆರೆಯೆಳೆದು ತೋರಿಸಿ, ಚಾಲಕನ ರುಜು ಪಡೆಯಬೇಕು. ಆ ಹಾಳೆಗೆ ಲೋಡ್‌ಶೀಟ್ ಎಂದು ಹೆಸರು. ಇಂದು ಪ್ರಯಾಣಿಕರನ್ನು ತೂಗದೆ ಸರಾಸರಿ ತೂಕವನ್ನು ಹಿಡಿಯುತ್ತಾರೆ, ಗೆರೆಯನ್ನು ಗಣಕಯಂತ್ರ ಎಳೆಯುತ್ತದೆ. ಆದರೂ ಹಾಳೆಯಿಲ್ಲದೆ ವಿಮಾನ ಕದಲುವಂತಿಲ್ಲ, ಮತ್ತು ಹಾಳೆಯಲ್ಲಿ ಬರೆದದ್ದಕ್ಕೂ ಹೊಟ್ಟೆಯಲ್ಲಿ ಹೇರಿದ್ದಕ್ಕೂ ತಾಳೆಯಿದೆಯೆಂಬ ನಂಬಿಕೆ ಕೊನೆಗೂ ನಿಂತಿರುವುದು ಬಿಸಿಲಿನಲ್ಲಿ ಚೀಲ ಎಣಿಸಿದ ಒಬ್ಬ ಮನುಷ್ಯನ ಮಾತಿನ ಮೇಲೆ.

ನೆಲದ ಕೆಲಸವೇ ಒಂದು ನಾಟಕವಾಗಿ ಪ್ರತಿ ರಾತ್ರಿಯೂ ಪ್ರದರ್ಶಿತವಾಗುತ್ತಿದ್ದ ಸ್ಥಳವೊಂದಿತ್ತು: ನಾಗಪುರದ ಸೋನೆಗಾಂವ್. ಅದು ಕನ್ನಡನಾಡಿನಿಂದ ದೂರದ ಊರು. ಆದರೆ ನಡುರಾತ್ರಿಯ ಆ ಒಂದೆರಡು ಗಂಟೆಗಳನ್ನು ಬಿಟ್ಟು ಈ ವೃತ್ತಿಯ ಚರಿತ್ರೆಯನ್ನು ಹೇಳಿದರೆ ಅದು ಗಾಲಿಯಿಲ್ಲದ ತೇರಾದೀತು. ೧೯೪೯ನೆಯ ಜನವರಿ ೩೦ರಿಂದ, ರಫಿ ಅಹಮದ್ ಕಿದ್ವಾಯಿಯವರು ಸಂಪರ್ಕ ಸಚಿವರಾಗಿದ್ದ ಕಾಲದಲ್ಲಿ, ರಾತ್ರಿಯ ವಿಮಾನ ಟಪ್ಪಾಲು ಆರಂಭವಾಯಿತು. ದೆಹಲಿ, ಮುಂಬಯಿ, ಕಲ್ಕತ್ತ, ಮದ್ರಾಸು ಈ ನಾಲ್ಕು ದಿಕ್ಕುಗಳಿಂದ ನಾಲ್ಕು ವಿಮಾನಗಳು ಇರುಳಿನಲ್ಲಿ ಹೊರಟು ದೇಶದ ನಡುಮಧ್ಯದ ಆ ನಿಲ್ದಾಣದಲ್ಲಿ ಕೂಡಿ, ತಂತಮ್ಮ ಚೀಲಗಳನ್ನು ಒಂದಕ್ಕೊಂದು ಬದಲಾಯಿಸಿಕೊಂಡು, ಬಂದ ದಾರಿಯಲ್ಲೇ ಹಿಂತಿರುಗಿ ಬೆಳಗಾಗುವುದರೊಳಗೆ ಮನೆ ಸೇರುವುದು ಅದರ ಏರ್ಪಾಟು. ಅದೇ ವರ್ಷದ ಏಪ್ರಿಲಿನಿಂದ ಒಳನಾಡಿನ ಸಾಧಾರಣ ಕಾಗದಗಳನ್ನೂ ಹೆಚ್ಚಿನ ಸುಂಕವಿಲ್ಲದೆ ವಿಮಾನದಲ್ಲಿ ಒಯ್ಯುವ ವ್ಯವಸ್ಥೆಯಾದಾಗ ಚೀಲಗಳ ರಾಶಿ ಬೆಳೆಯಿತು.

ಆ ಹೊತ್ತಿನಲ್ಲಿ ಅಲ್ಲಿ ನಡೆಯುತ್ತಿದ್ದುದನ್ನು ಯೋಚಿಸಿ ನೋಡಿ. ಮದ್ರಾಸಿನಿಂದ ಬಂದ ವಿಮಾನದಿಂದ ಇಳಿದ ಚೀಲಗಳು ಮೂರು ಗುಂಪಾಗಿ ಮೂರು ವಿಮಾನಗಳಿಗೆ ಹೋಗಬೇಕು, ಆ ಮೂರರಿಂದ ಒಂದೊಂದು ಪಾಲು ಇದಕ್ಕೆ ಬರಬೇಕು, ಹೀಗೆ ನಾಲ್ಕಕ್ಕೂ. ಲೆಕ್ಕ ಹಾಕಿದರೆ ಹನ್ನೆರಡು ಪ್ರವಾಹಗಳು ಒಂದೇ ಅಂಗಳದಲ್ಲಿ, ಮಂದ ಬೆಳಕಿನಲ್ಲಿ, ಒಂದನ್ನೊಂದು ಅಡ್ಡಹಾಯುತ್ತವೆ. ಅಲ್ಲೇ ಎಣ್ಣೆಯ ಗಾಡಿಗಳು, ಅಲ್ಲೇ ಆಕಳಿಸುತ್ತ ಇಳಿದು ವಿಮಾನ ಬದಲಾಯಿಸುವ ಪ್ರಯಾಣಿಕರು. ಒಂದು ವಿಮಾನ ತಡವಾದರೆ ಉಳಿದ ಮೂರೂ ಕಾಯಬೇಕು. ಮೂರೂ ತಡವಾದರೆ ನಾಲ್ಕು ಮಹಾನಗರಗಳ ಬೆಳಗಿನ ಟಪ್ಪಾಲು ತಡ. ಇಂದು ಅಮೆರಿಕದ ದೊಡ್ಡ ಪಾರ್ಸಲ್ ಕಂಪೆನಿಗಳು ಎಲ್ಲ ವಿಮಾನಗಳನ್ನೂ ರಾತ್ರಿ ಒಂದೇ ಊರಿಗೆ ಕರೆಸಿ ಬೆಳಗಾಗುವುದರೊಳಗೆ ಹಿಂದಿರುಗಿಸುವ ಉಪಾಯವನ್ನು ಜಗತ್ತು ಬೆರಗಿನಿಂದ ಹೊಗಳುತ್ತದೆ. ಅವರಿಗಿಂತ ಎಷ್ಟೋ ಮೊದಲೇ ಹಳೆಯ ಡಕೋಟಾಗಳನ್ನಿಟ್ಟುಕೊಂಡು ನಾಗಪುರದ ಹಮಾಲರೂ ಟಪ್ಪಾಲು ಗುಮಾಸ್ತರೂ ಅದನ್ನು ನಿತ್ಯಕರ್ಮವಾಗಿ ಮಾಡುತ್ತಿದ್ದರು. ನಮ್ಮ ಜನಕ್ಕೆ ತಮ್ಮ ಹಿತ್ತಲಿನ ಗಿಡ ಮದ್ದೆಂದು ತೋರುವುದು ತಡ.

೧೯೫೩ನೆಯ ಆಗಸ್ಟ್ ೧ರಂದು ಖಾಸಗಿ ಕಂಪೆನಿಗಳೆಲ್ಲ ಸರ್ಕಾರದ ನಿಗಮಗಳಲ್ಲಿ ಲೀನವಾದುವು. ಒಳನಾಡಿನ ಸಂಚಾರ ಇಂಡಿಯನ್ ಏರ್‌ಲೈನ್ಸಿನ ಪಾಲಿಗೆ ಬಂದಿತು. ಅಂದಿನವರೆಗೆ ಎಂಟು ಬಗೆಯ ಸಮವಸ್ತ್ರ ತೊಟ್ಟು ಎಂಟು ಬಗೆಯ ಸಂಬಳ ಪಡೆಯುತ್ತಿದ್ದ ನೆಲದ ಕೆಲಸಗಾರರು ಒಂದೇ ಮನೆಯವರಾದರು, ಮತ್ತು ಬೆನ್ನ ಮೇಲೆ ಪೆಟ್ಟಿಗೆ ಹೊರುವವನ ಕೆಲಸವೂ ನಿವೃತ್ತಿಯವರೆಗಿನ ನೌಕರಿಯಾಗುವ ಕಾಲ ಬಂದಿತು. ಮುಂದಿನ ಎರಡು ದಶಕಗಳಲ್ಲಿ ವಿಮಾನಗಳು ಬದಲಾದಂತೆಲ್ಲ ಆ ಬೆನ್ನು ಬೇರೆಬೇರೆ ರೀತಿಯಲ್ಲಿ ಬಾಗಬೇಕಾಯಿತು. ವೈಕೌಂಟ್ ಮೂಗಿನ ಕೆಳಗೆ ಗಾಲಿಯಿಟ್ಟುಕೊಂಡು ಸಮತಟ್ಟಾಗಿ ನಿಂತಿತು, ದಿಣ್ಣೆ ಹತ್ತುವುದು ತಪ್ಪಿತು. ಬೋಯಿಂಗ್ ೭೩೭ ನೆಲಕ್ಕೆ ತಗ್ಗಾಗಿ ನಿಲ್ಲುವಂತೆ ರಚಿತವಾದದ್ದು, ಏಣಿಯಿಲ್ಲದೆಯೇ ಸಾಮಾನು ಹೇರಲೆಂದು. ಆದರೆ ಅದರ ಹೊಟ್ಟೆಯೊಳಗೆ ನಿಲ್ಲುವಷ್ಟು ಎತ್ತರವಿಲ್ಲ, ಆದುದರಿಂದ ಲೋಡರನು ಮಂಡಿಯೂರಿ, ತೆವಳಿ, ಒಳಗಿನ ಕಾವಿನಲ್ಲಿ ಪೆಟ್ಟಿಗೆಗಳನ್ನು ಗೋಡೆ ಕಟ್ಟುವಂತೆ ಒಂದರ ಮೇಲೊಂದು ಒಟ್ಟಬೇಕು. ೧೯೭೬ರಲ್ಲಿ ಬಂದ ಏರ್‌ಬಸ್ ಎ೩೦೦ರ ವಿಶಾಲವಾದ ಉದರ ಮಾತ್ರ, ಮೊದಲೇ ತುಂಬಿದ ಲೋಹದ ಗೂಡುಗಳನ್ನು ಯಂತ್ರದಿಂದ ಎತ್ತಿ ಉರುಳೆಗಳ ಮೇಲೆ ಜಾರಿಸುವಂತೆ ನಿರ್ಮಿತವಾಗಿತ್ತು. ಹಳೆಯ ಲೋಡರರ ಮಂಡಿಯನ್ನು ನೋಡಿದವರು ಯಾವ ಯಾವ ವಿಮಾನದಲ್ಲಿ ಅವರು ದುಡಿದರೆಂಬುದನ್ನು ಹೇಳಬಹುದು.

ನಾನು ಹುಡುಗನಾಗಿದ್ದಾಗ ಬೆಂಗಳೂರಿನ ಹಳೆಯ ನಿಲ್ದಾಣಕ್ಕೆ ಸೋದರಮಾವನನ್ನು ಬೀಳ್ಕೊಡಲು ಹೋಗಿ, ದೊಡ್ಡವರೆಲ್ಲ ಮಾವನತ್ತ ಕೈಬೀಸುತ್ತಿದ್ದಾಗ, ಖಾಕಿ ಉಡುಪಿನ ಒಬ್ಬ ಮನುಷ್ಯನನ್ನೇ ನೋಡುತ್ತ ನಿಂತಿದ್ದುದು ನೆನಪಿದೆ. ಹಗ್ಗದಿಂದ ಜೋಡಿಸಿದ ಎರಡು ಮರದ ದಿಂಡುಗಳನ್ನು ಹೆಗಲಿಗೆ ಇಳಿಬಿಟ್ಟುಕೊಂಡು, ಆ ಬೃಹತ್ತಾದ ಗದ್ದಲದೊಳಗೆ ಸಂತೆಯಿಂದ ಮನೆಗೆ ಹೋಗುವವನ ಹಾಗೆ ನಿಧಾನವಾಗಿ ಅವನು ನಡೆದುಹೋದನು. ಅನಂತರ ಬಹುವರ್ಷಗಳ ಮೇಲೆ, ಹೆಸರು ಹೇಳಬಯಸದ ಒಂದು ಕಂಪೆನಿಯವರು ನನ್ನ ಪೆಟ್ಟಿಗೆಯನ್ನು ನಾನು ಹೋಗದಿದ್ದ ಒಂದು ಊರಿಗೆ ಕಳುಹಿಸಿ, ಮೂರು ದಿನಗಳ ತರುವಾಯ ತಂದುಕೊಟ್ಟಾಗ, ಅದರ ಹಿಡಿಗೆ ಕಟ್ಟಿದ್ದ ಚ್ಯುತಿಯಿಲ್ಲದ ಚೀಟಿಯನ್ನು ನೋಡಿ ನನಗೆ ಸಿಟ್ಟಿಗಿಂತ ಕುತೂಹಲವೇ ಹೆಚ್ಚಾಯಿತು: ಬರೆಹ ಸರಿಯಾಗಿದೆ, ಓದಿದ ಕಣ್ಣು ತಪ್ಪಿದೆ, ಆ ಕಣ್ಣು ಅಂದು ಎಷ್ಟು ಗಂಟೆಗಳಿಂದ ತೆರೆದಿತ್ತೋ.

ಕಣ್ಣಿನ ಮಾತು ಬಂದಿತು, ಕೈಯ ಮಾತನ್ನೂ ಹೇಳಬೇಕು. ಎಂಜಿನ್ನಿನ ಸದ್ದಿನಲ್ಲಿ ಮಾತು ನಿರುಪಯುಕ್ತವಾದ್ದರಿಂದ ಈ ವೃತ್ತಿ ತನ್ನದೇ ಆದ ಮುದ್ರೆಗಳ ಭಾಷೆಯನ್ನು ಬೆಳೆಸಿಕೊಂಡಿತು. ೧೯೪೪ರ ಷಿಕಾಗೋ ಒಪ್ಪಂದದಿಂದ ಹುಟ್ಟಿದ ಅಂತರರಾಷ್ಟ್ರೀಯ ಸಂಸ್ಥೆ ಆ ಮುದ್ರೆಗಳನ್ನು ಜಗತ್ತಿಗೆಲ್ಲ ಒಂದೇ ಆಗುವಂತೆ ನಿಯಮಿಸಿತು. ಟೇಬಲ್ ಟೆನಿಸ್ಸಿನ ದಾಂಡಿನಂಥ ಎರಡು ಹಲಗೆಗಳನ್ನು ಹಿಡಿದು ದಾರಿ ತೋರುವ ಮಾರ್ಷಲರನು ತೋಳುಗಳನ್ನು ತಲೆಯ ಮೇಲೆ ಅಡ್ಡಹಾಯಿಸಿದರೆ ನಿಲ್ಲು. ಮೊಣಕೈ ಮಡಿಸಿ ಹಿಂದಕ್ಕೆ ಬೀಸಿದರೆ ಮುಂದೆ ಬಾ. ಮುಷ್ಟಿಗಳನ್ನು ಹೊರಗಿನಿಂದ ಒಳಕ್ಕೆ ತಂದರೆ ಚಾಕ್ ಕೊಟ್ಟಾಯಿತು, ಒಳಗಿನಿಂದ ಹೊರಕ್ಕೆ ಒಯ್ದರೆ ತೆಗೆದಾಯಿತು. ಬಜ್ಪೆಯ ದಿಣ್ಣೆಯ ಮೇಲೆ ಆಷಾಢದ ಮಳೆಯಲ್ಲಿ ತೊಯ್ಯುತ್ತ ನಿಂತವನ ಸನ್ನೆಯೂ ಹೆಲ್ಸಿಂಕಿಯ ಹಿಮದಲ್ಲಿ ನಿಂತವನ ಸನ್ನೆಯೂ ಒಂದೇ. ಯಕ್ಷಗಾನದ ನಾಡಿನವರಿಗೆ ಇದರಲ್ಲಿ ಅಪರಿಚಿತವಾದದ್ದೇನೂ ಇಲ್ಲ. ಹೆಜ್ಜೆಗೆ ಮಾತ್ರ ಇಲ್ಲಿ ಅವಕಾಶವಿಲ್ಲ, ನಿಂತ ಜಾಗದಿಂದ ಕದಲಿದರೆ ಚಾಲಕನಿಗೆ ದಾರಿ ತಪ್ಪುತ್ತದೆ.

೨೦೦೩ನೆಯ ಆಗಸ್ಟಿನಲ್ಲಿ ಕ್ಯಾಪ್ಟನ್ ಗೋಪಿನಾಥರ ಏರ್ ಡೆಕ್ಕನ್ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿತು. ಅಗ್ಗದ ಟಿಕೆಟ್ಟಿನ ಯುಗ ಅದರೊಂದಿಗೆ ನಮ್ಮ ದೇಶಕ್ಕೆ ಬಂದಿತು. ಅಗ್ಗದ ಟಿಕೆಟ್ಟಿನ ರಹಸ್ಯ ಆಕಾಶದಲ್ಲಿಲ್ಲ. ವಿಮಾನ ನಿಂತಷ್ಟು ಹೊತ್ತೂ ನಷ್ಟ. ಇಳಿದದ್ದನ್ನು ಮತ್ತೆ ಏರಿಸುವುದರೊಳಗಿನ ಟರ್ನ್‌ರೌಂಡ್ ಎಂಬ ಅವಧಿಯನ್ನು ಒಂದು ಗಂಟೆಯಿಂದ ಅರ್ಧ ಗಂಟೆಗೆ ಇಳಿಸಿದರೆ ದಿನಕ್ಕೆ ಒಂದು ಹಾರಾಟ ಹೆಚ್ಚಾಗಿ ಗಿಟ್ಟುತ್ತದೆ. ಆ ಅರ್ಧ ಗಂಟೆಯೊಳಗೆ ಮೆಟ್ಟಿಲು, ಪೆಟ್ಟಿಗೆ, ಎಣ್ಣೆ, ಕಸ, ನೀರು, ಶೌಚ, ಲೋಡ್‌ಶೀಟ್ ಎಲ್ಲವೂ ಮುಗಿಯಬೇಕು. ಆ ಮೊದಲ ಹಾರಾಟದ ಎಟಿಆರ್ ವಿಮಾನವೂ ಈ ಮಿತವ್ಯಯಕ್ಕೆ ಹೇಳಿಮಾಡಿಸಿದಂಥದೇ: ಹಿಂಬಾಗಿಲಿನಲ್ಲೇ ಮೆಟ್ಟಿಲು, ಬಲಗಡೆಯ ಎಂಜಿನ್ ಪಂಖವನ್ನು ಬಿಗಿಹಿಡಿದು ನಿಲ್ಲಿಸಿಯೂ ವಿದ್ಯುತ್ತನ್ನು ಒದಗಿಸುವ ಚಾತುರ್ಯ. ಆದರೆ ಜನರೆಲ್ಲ ಹಿಂದಿನಿಂದ ಹತ್ತುವಾಗ ಬಾಲ ಕುಸಿದು ಮೂಗು ಮೇಲೇಳದಂತೆ ಬಾಲದ ಕೆಳಗೆ ಒಂದು ಊರೆಗೋಲನ್ನು ಕೊಡಬೇಕು. ಇಳಿಸಿದ ಗಾಡಿಯ ಮೂಕಿಗೆ ಕೋಲು ಕೊಡುವುದನ್ನು ಕಂಡವರು ಇದನ್ನು ಕಂಡು ನಕ್ಕಿರಬೇಕು.

ಅವಧಿ ಕುಗ್ಗಿದಂತೆ ನೌಕರಿಯೂ ಕುಗ್ಗಿತು. ನೆಲದ ಕೆಲಸವು ವಿಮಾನ ಕಂಪೆನಿಯ ಮನೆಗೆಲಸವಾಗಿ ಉಳಿಯದೆ ಬೇರೆ ಕಂಪೆನಿಗಳ ವ್ಯಾಪಾರವಾಯಿತು, ಆ ಕಂಪೆನಿಗಳ ಕೈಕೆಳಗೆ ಗುತ್ತಿಗೆಯ ಆಳುಗಳು ಬಂದರು. ದೊಡ್ಡ ನಿಲ್ದಾಣಗಳಲ್ಲಿ ಯಾರು ಯಾರು ಈ ಕೆಲಸ ಮಾಡಬಹುದೆಂದು ಸರ್ಕಾರ ೨೦೦೭ರಲ್ಲಿ ಒಂದು ನೀತಿಯನ್ನು ಹೊರಡಿಸಿತು. ಖಾಸಗಿ ಕಂಪೆನಿಗಳು ಒಪ್ಪಲಿಲ್ಲ, ವಿವಾದ ನ್ಯಾಯಾಲಯಗಳ ಮೆಟ್ಟಿಲೇರಿತು, ಗಡುವು ಮುಂದಕ್ಕೆ ಹೋಗುತ್ತಲೇ ಇದ್ದಿತು. ನಲವತ್ತು ವರ್ಷ ಒಂದೇ ಅಂಗಳದಲ್ಲಿ ದುಡಿದು ಪಿಂಚಣಿ ಪಡೆದ ಲೋಡರನ ಮಗ ಅದೇ ಅಂಗಳದಲ್ಲಿ ಹನ್ನೊಂದು ತಿಂಗಳ ಕರಾರಿಗೆ ಸೇರುವುದನ್ನು ಪ್ರಗತಿಯೆಂದು ಕರೆಯಲು ನನ್ನ ಲೇಖನಿ ಹಿಂಜರಿಯುತ್ತದೆ.

೨೦೦೮ನೆಯ ಮೇ ೨೪ರಿಂದ ಬೆಂಗಳೂರಿನ ನಿಯತ ವಿಮಾನಗಳೆಲ್ಲ ದೇವನಹಳ್ಳಿಗೆ ಹೋದುವು. ಒಂದು ರಾತ್ರಿಯ ಅಂತರದಲ್ಲಿ ಹಳೆಯ ನಿಲ್ದಾಣದ ಅಂಗಳ ಬರಿದಾಯಿತು. ಪೆಟ್ಟಿಗೆಯ ಚೀಟಿಯ ಮೇಲಿನ ಬಿಎಲ್‌ಆರ್ ಎಂಬ ಮೂರಕ್ಷರ ಮಾತ್ರ ಬದಲಾಗದೆ ಹೊಸ ಊರಿಗೆ ಹಿಂಬಾಲಿಸಿತು. ಹೊಸ ನಿಲ್ದಾಣದಲ್ಲಿ ವಿಮಾನಗಳು ಕಟ್ಟಡಕ್ಕೆ ಮೂಗು ತಾಗಿಸಿ ನಿಲ್ಲುತ್ತವೆ, ಜನ ಸೇತುವೆಯ ಮೇಲೆ ನಡೆದು ಒಳಹೋಗುತ್ತಾರೆ. ತನ್ನ ಶಕ್ತಿಯಿಂದ ಹಿಂದಕ್ಕೆ ನಡೆಯುವ ಅಭ್ಯಾಸ ವಿಮಾನಕ್ಕೆ ಇಲ್ಲವಾದ್ದರಿಂದ, ಟ್ರ್ಯಾಕ್ಟರೊಂದು ಉದ್ದದ ಉಕ್ಕಿನ ದಂಡವನ್ನು ಅದರ ಮೂಗಿನ ಗಾಲಿಗೆ ಸಿಕ್ಕಿಸಿ ಹಿಂದಕ್ಕೆ ನೂಕಬೇಕು. ನೂಕುವ ಮೊದಲು ಗಾಲಿಯ ಮಗ್ಗುಲಲ್ಲಿ ಒಂದು ಪುಟ್ಟ ಕೀಲನ್ನು ಚುಚ್ಚುತ್ತಾರೆ; ಅದು ಇರುವಷ್ಟು ಕಾಲ ಗಾಲಿಯನ್ನು ತಿರುಗಿಸುವ ಅಧಿಕಾರ ಒಳಗಿನ ಚಾಲಕನದಲ್ಲ, ಹೊರಗಿನವನದು.

ಮೊನ್ನೆ ಸಂಜೆ ಕಿಟಕಿಯ ಪಕ್ಕದಲ್ಲಿ ಕುಳಿತು ಇದನ್ನೇ ನೋಡಿದೆನು. ನೂಕಿ ಮುಗಿದಿತ್ತು, ದಂಡ ಕಳಚಿದರು, ಟ್ರ್ಯಾಕ್ಟರು ದೂರ ಸರಿಯಿತು. ಹೊಳೆಯುವ ಹಸಿರು ಅಂಗಿಯ ಒಬ್ಬ ಹುಡುಗ ರೆಕ್ಕೆಯ ಆಚೆಗೆ ನಡೆದು ನಿಂತು, ಕೆಂಪು ಪಟ್ಟಿ ತೂಗುತ್ತಿದ್ದ ಆ ಕೀಲನ್ನು ತಲೆಯ ಮೇಲೆ ಎತ್ತಿಹಿಡಿದು ತೋರಿಸಿದನು; ಮುಂದಿನ ಗಾಜಿನಿಂದ ಚಾಲಕನ ಕೈ ಮೇಲೇಳುವುದನ್ನು ಕಾದು, ತಾನೂ ಕೈಯೆತ್ತಿ ಇಳಿಸಿದನು. ನಾವು ಕದಲತೊಡಗಿದಾಗ ಅವನಾಗಲೇ ಬೆನ್ನು ತಿರುಗಿಸಿದ್ದನು. ನಾಲ್ಕು ಹೆಜ್ಜೆ ಹೋದವನು ನಿಂತು, ಬಾಗಿ, ಸಿಮೆಂಟಿನ ನೆಲದಿಂದ ಏನೋ ಸಣ್ಣದೊಂದನ್ನು, ಸ್ಕ್ರೂವೋ ಕಲ್ಲುಚೂರೋ, ಹೆಕ್ಕಿ ಬೆಳಕಿಗೆ ಹಿಡಿದು ನೋಡಿ ಜೇಬಿಗೆ ಹಾಕಿಕೊಂಡನು.